ಟ್ರಕ್ಕುಗಳ ಸಂಖ್ಯೆ ಬದಲಾದರೆ ಯಾವ್ಯಾವ ಕಾಗದ ತಿದ್ದಬೇಕು?

ಅಮೆರಿಕದಲ್ಲಿ ಒಂದೇ ಟ್ರಕ್ಕಿನಿಂದ ಸಾಗಣೆ ವ್ಯವಹಾರ ಶುರು ಮಾಡಿದವರು ಎರಡನೆಯದನ್ನು ಕೊಳ್ಳುವಾಗ ಸಾಲ, ಕಂತು, ಚಾಲಕರ ಸಂಬಳದ ಲೆಕ್ಕವನ್ನೆಲ್ಲ ಹಾಕಿರುತ್ತಾರೆ. ಕಾಗದಪತ್ರದ ಲೆಕ್ಕ ಮಾತ್ರ ಹಿಂದೆ ಬೀಳುತ್ತದೆ. ನಿಮ್ಮಲ್ಲಿ ಎಷ್ಟು ಗಾಡಿಗಳಿವೆ ಎಂಬುದನ್ನು ಒಂದೊಂದು ಇಲಾಖೆ ಒಂದೊಂದು ಹೊತ್ತಿನಲ್ಲಿ, ತನ್ನದೇ ರೀತಿಯಲ್ಲಿ ಎಣಿಸುತ್ತದೆ. ಒಂದು ಕಡೆ ತಿಳಿಸಿದ ಮಾತ್ರಕ್ಕೆ ಎಲ್ಲ ಕಡೆ ತಿಳಿಸಿದಂತಾಗುವುದಿಲ್ಲ.

1. ಎಂಸಿಎಸ್-150 ತಿದ್ದಿ

ಯುಎಸ್‌ಡಾಟ್ ನಂಬರ್ (ಸಾಗಣೆ ಕಂಪನಿಗೆ ಫೆಡರಲ್ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಇರುವವರೆಲ್ಲ, ಗಾಡಿಗಳ ಸಂಖ್ಯೆಯಂಥ ವಿವರ ತಿಳಿಸುವ ಈ ಫಾರಂ ಅನ್ನು ಎರಡು ವರ್ಷಕ್ಕೊಮ್ಮೆ ತುಂಬಲೇಬೇಕು. ನಂಬರಿನ ಕೊನೆಯ ಅಂಕಿ ತಿಂಗಳನ್ನು ಹೇಳುತ್ತದೆ: 1 ಆದರೆ ಜನವರಿ, 9 ಆದರೆ ಸೆಪ್ಟೆಂಬರ್, 0 ಆದರೆ ಅಕ್ಟೋಬರ್. ಅದರ ಹಿಂದಿನ ಅಂಕಿ ಬೆಸವಾದರೆ ಬೆಸ ವರ್ಷ, ಸಮವಾದರೆ ಸಮ ವರ್ಷ. ತಪ್ಪಿಸಿದರೆ ದಿನಕ್ಕಿಷ್ಟು ಎಂದು ದಂಡ ಬೀಳಬಹುದು.

ಗಾಡಿಗಳ ಸಂಖ್ಯೆ ಬದಲಾಗಿದ್ದರೆ ಸರದಿ ಬರಲೆಂದು ಕಾಯಬೇಡಿ. ಅತಿವೇಗದಂಥ ತಪ್ಪುಗಳಿಗೂ ಅಪಘಾತಗಳಿಗೂ ಸರ್ಕಾರ ಕೊಡುವ ಸುರಕ್ಷತಾ ಅಂಕ ನಿಂತಿರುವುದೇ ಈ ಸಂಖ್ಯೆಯ ಮೇಲೆ. ಈಗಿನ, 6 ತಿಂಗಳ ಹಿಂದಿನ ಮತ್ತು 18 ತಿಂಗಳ ಹಿಂದಿನ ಸಂಖ್ಯೆಗಳ ಸರಾಸರಿ ತೆಗೆದು, ತಪ್ಪುಗಳನ್ನು ಅದಕ್ಕೆ ಹೋಲಿಸುತ್ತಾರೆ. ರಸ್ತೆಯಲ್ಲಿ ಐದು ಗಾಡಿ ಓಡುತ್ತಿದ್ದು ದಾಖಲೆಯಲ್ಲಿ ಎರಡೇ ಇದ್ದರೆ, ಐದೂ ಗಾಡಿಗಳ ತಪ್ಪು ಎರಡರ ತಲೆಗೆ ಬೀಳುತ್ತದೆ. ಚೆನ್ನಾಗಿಯೇ ಓಡಿಸುವ ಕಂಪನಿಯೂ ಕಾಗದದಲ್ಲಿ ಪುಂಡನಂತೆ ಕಾಣುತ್ತದೆ.

2. ಯುಸಿಆರ್ ಹಂತ ನೋಡಿಕೊಳ್ಳಿ

ರಾಜ್ಯದ ಗಡಿ ದಾಟುವ ಕಂಪನಿಗಳು ಪ್ರತಿವರ್ಷ ಕಟ್ಟುವ ನೋಂದಣಿ ಶುಲ್ಕ ಇದು. 2025ರ ದರದಲ್ಲಿ 2 ಗಾಡಿಗಳವರೆಗೆ 46 ಡಾಲರ್, 3ರಿಂದ 5ಕ್ಕೆ 138, 6ರಿಂದ 20ಕ್ಕೆ 276, 21ರಿಂದ 100ಕ್ಕೆ 963. ಅಂದರೆ ಇಪ್ಪತ್ತೊಂದನೆಯ ಗಾಡಿ ಬಂದರೆ ಶುಲ್ಕ ಮೂರು ಪಟ್ಟು ದಾಟುತ್ತದೆ. ಎಣಿಕೆಗೆ ಬರುವುದು ಎಂಜಿನ್ ಇರುವ ಗಾಡಿ ಮಾತ್ರ. ಟ್ರೇಲರ್ ಎಷ್ಟಿದ್ದರೂ ಲೆಕ್ಕಕ್ಕಿಲ್ಲ.

ಕೊನೆಯ ಎಂಸಿಎಸ್-150ರಲ್ಲಿರುವ ಸಂಖ್ಯೆಯನ್ನಾದರೂ, ಹಿಂದಿನ ವರ್ಷದ ಜೂನ್ 30ಕ್ಕೆ ಮುಗಿದ 12 ತಿಂಗಳಲ್ಲಿ ಓಡಿಸಿದ ಗಾಡಿಗಳ ಸಂಖ್ಯೆಯನ್ನಾದರೂ ಕೊಡಬಹುದು. ನೋಂದಣಿಯಾದ ಮೇಲೆ ವರ್ಷದ ನಡುವೆ ಗಾಡಿ ಸೇರಿಸಿದರೆ ಆ ವರ್ಷಕ್ಕೆ ಮತ್ತೆ ಕಟ್ಟಬೇಕಿಲ್ಲ. ಹಣ ಉಳಿಸಲು ಕೆಳಗಿನ ಹಂತ ಆರಿಸಿಕೊಂಡು, ಫೆಡರಲ್ ದಾಖಲೆ ಬೇರೆಯೇ ಹೇಳುತ್ತಿದ್ದರೆ ವಿಚಾರಣೆಯ ಪತ್ರ ಬಂದೀತು.

3. ಗಾಡಿಗೊಂದರಂತೆ ಬೇಕಾದವು

26,000 ಪೌಂಡ್ ಮೀರಿದ, ರಾಜ್ಯ ದಾಟುವ ಪ್ರತಿ ಹೊಸ ಗಾಡಿಗೂ ಐಆರ್‌ಪಿ ಪ್ಲೇಟ್ (ಹಲವು ರಾಜ್ಯಗಳಲ್ಲಿ ಓಡಿಸಲು ಒಂದೇ ನೋಂದಣಿಯ ನಂಬರ್ ಪ್ಲೇಟ್) ಮತ್ತು ಕ್ಯಾಬ್ ಕಾರ್ಡ್ (ಗಾಡಿಯಲ್ಲಿಡುವ ನೋಂದಣಿ ಪತ್ರ) ಬೇಕು. ಹಲವು ರಾಜ್ಯಗಳ ಇಂಧನ ತೆರಿಗೆಯನ್ನು ಒಂದೇ ಕಡೆ ಲೆಕ್ಕ ಒಪ್ಪಿಸುವ ಇಫ್ಟಾ ಲೈಸನ್ಸ್ ಕಂಪನಿಗೆ ಒಂದೇ, ಸ್ಟಿಕ್ಕರ್ ಮಾತ್ರ ಗಾಡಿಗೆರಡು, ಕ್ಯಾಬಿನ ಎರಡೂ ಬದಿಗೆ. ತೂಕ 55,000 ಪೌಂಡ್ ಅಥವಾ ಹೆಚ್ಚಿದ್ದರೆ, ಗಾಡಿ ರಸ್ತೆಗಿಳಿದ ತಿಂಗಳ ಮುಂದಿನ ತಿಂಗಳ ಕೊನೆಯೊಳಗೆ 2290 ಫಾರಂ ಸಲ್ಲಿಸಿ ಭಾರಿ ವಾಹನಗಳ ಹೆದ್ದಾರಿ ತೆರಿಗೆ ಕಟ್ಟಬೇಕು. ಒಂದೇ ಫಾರಂನಲ್ಲಿ 25 ಅಥವಾ ಹೆಚ್ಚು ಗಾಡಿಗಳಿದ್ದರೆ ಆನ್‌ಲೈನ್ ಸಲ್ಲಿಕೆ ಕಡ್ಡಾಯ. ವಿಮೆಯನ್ನು ಮರೆಯುವವರು ಕಡಿಮೆ, ವಿಮಾ ಕಂಪನಿಯವರೇ ಬಿಡುವುದಿಲ್ಲ.

4. ಒಂದರಿಂದ ಎರಡಕ್ಕೆ ಹೋಗುವಾಗ

ನನ್ನ ಪ್ರಕಾರ ಹತ್ತರಿಂದ ಹನ್ನೊಂದಕ್ಕೆ ಹೋಗುವುದಕ್ಕಿಂತ ಕಷ್ಟದ ಹೆಜ್ಜೆ ಇದು. ಒಂದೇ ಗಾಡಿ ಓಡಿಸುವ ಕಂಪನಿಗೆ ದಿನದ ಕೊನೆಯ ದೋಷ ವರದಿಯ ನಿಯಮದಿಂದ ವಿನಾಯಿತಿ ಇದೆ. ಎರಡನೆಯದು ಬಂದ ಕೂಡಲೇ ಅದು ಹೋಗುತ್ತದೆ: ಬ್ರೇಕ್, ಟೈರು, ದೀಪಗಳಲ್ಲಿ ದೋಷ ಕಂಡರೆ ಚಾಲಕ ಬರೆದುಕೊಡಬೇಕು, ಕಂಪನಿ ರಿಪೇರಿ ಮಾಡಿಸಿ ಸಹಿ ಹಾಕಬೇಕು, ಆ ಹಾಳೆಯನ್ನು ಮೂರು ತಿಂಗಳು ಇಟ್ಟುಕೊಳ್ಳಬೇಕು.

ಚಾಲಕರನ್ನು ನೇಮಿಸಿಕೊಂಡರೆ ಪ್ರತಿಯೊಬ್ಬರಿಗೂ ಅರ್ಹತಾ ಕಡತ ತೆರೆಯಿರಿ. ವಾಣಿಜ್ಯ ಲೈಸನ್ಸಿನ ಚಾಲಕರಾದರೆ ಕೀಲಿ ಕೊಡುವ ಮೊದಲೇ ಮಾದಕವಸ್ತು ಪರೀಕ್ಷೆಯ ಫಲಿತಾಂಶ ಕೈಗೆ ಬಂದಿರಬೇಕು, ಕ್ಲಿಯರಿಂಗ್‌ಹೌಸ್ (ಚಾಲಕರ ಮಾದಕವಸ್ತು, ಮದ್ಯ ನಿಯಮ ಉಲ್ಲಂಘನೆಗಳ ಫೆಡರಲ್ ದಾಖಲೆ) ತಪಾಸಣೆಯೂ ಆಗಿರಬೇಕು.

5. ಗಾಡಿ ಮಾರಿದಾಗ

ಪ್ಲೇಟನ್ನು ಐಆರ್‌ಪಿ ಖಾತೆಯಿಂದ ತೆಗೆಸಿ, ಇಫ್ಟಾ ಸ್ಟಿಕ್ಕರ್ ಕಿತ್ತುಹಾಕಿ, ಎಂಸಿಎಸ್-150ರಲ್ಲಿ ಸಂಖ್ಯೆ ಇಳಿಸಿ. ಕಟ್ಟಿದ 2290 ತೆರಿಗೆಯಲ್ಲಿ ಉಳಿದ ತಿಂಗಳುಗಳ ಪಾಲನ್ನು ವಾಪಸು ಕೇಳಬಹುದು. ರಿಪೇರಿ ದಾಖಲೆಗಳನ್ನು ಗಾಡಿಯ ಜೊತೆಗೆ ಸಾಗಹಾಕಬೇಡಿ, ಗಾಡಿ ಕೈಬಿಟ್ಟ ಮೇಲೂ ಆರು ತಿಂಗಳು ಅವು ನಿಮ್ಮಲ್ಲಿರಬೇಕು. ಎಲ್ಲ ಗಾಡಿಗಳನ್ನೂ ಮಾರಿದ್ದರೂ ಇಫ್ಟಾ ಲೈಸನ್ಸ್ ರದ್ದು ಮಾಡಿಸುವ ತನಕ ತ್ರೈಮಾಸಿಕ ರಿಟರ್ನ್ ಸಲ್ಲಿಸುತ್ತಲೇ ಇರಬೇಕು, ಓಡಿದ ಮೈಲಿ ಸೊನ್ನೆ ಎಂದು ಬರೆದಾದರೂ ಸರಿ.