ಮುತ್ತಜ್ಜನ ಕಸುಬು ಗೊತ್ತಾಗಬೇಕೇ? ಜಮೀನಿನ ಕಾಗದ ತೆಗೆಯಿರಿ

ವಂಶವೃಕ್ಷ ಬರೆಯುವವರಿಗೆ ಹೆಸರುಗಳು ಹೇಗೋ ಸಿಗುತ್ತವೆ. ಅವರು ಏನು ಮಾಡಿಕೊಂಡಿದ್ದರು ಎಂದು ಕೇಳಿದರೆ ಮಾತ್ರ ‘ಬೇಸಾಯ’ ಎಂಬ ಒಂದೇ ಉತ್ತರ. ಹಳೇ ಮೈಸೂರು ಸೀಮೆಯಲ್ಲಿ ಇದಕ್ಕಿಂತ ಖಚಿತವಾದ ಉತ್ತರ ಜಮೀನಿನ ದಾಖಲೆಯಲ್ಲೇ ಇರಬಹುದು. ಪಟೇಲ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ ಇವರಿಗೆಲ್ಲ ಊರ ಚಾಕರಿಗಾಗಿ ಹಲವೆಡೆ ಇನಾಂ (ಸೇವೆಗಾಗಿ ಕೊಟ್ಟ) ಜಮೀನು ಇತ್ತು, ಸುಗ್ಗಿಯಲ್ಲಿ ಕಣದಿಂದ ಆಯವೂ, ಅಂದರೆ ಧಾನ್ಯದ ಪಾಲೂ ಬರುತ್ತಿತ್ತು.

ಮೊದಲು ಮನೆಯ ಟ್ರಂಕು ಹುಡುಕಿ. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರಗಳ ಆರಂಭದಲ್ಲೇ ಹೆಸರು, ವಯಸ್ಸು, ಊರು, ಎಷ್ಟೋ ಸಲ ಕಸುಬು ಇರುತ್ತದೆ. ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ. ‘ಜಿರಾಯ್ತಿ’ (ಬೇಸಾಯ) ಎಂದು ಬರೆದಿದ್ದರೆ ಅಷ್ಟಕ್ಕೇ ನಿಲ್ಲಬೇಡಿ, ಬೇರೆ ಕಸುಬಿದ್ದವರೂ ಹಾಗೇ ಬರೆಸುತ್ತಿದ್ದರು. ಚೆಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆಯ ವಿವರ ಓದಿ. ‘ಪೂರ್ವಕ್ಕೆ ತೋಟಿ ಇನಾಂ ಜಮೀನು, ಪಶ್ಚಿಮಕ್ಕೆ ಕೆರೆ ಏರಿ’ ಎಂಬಂಥ ಸಾಲು ನೆರೆಯವರ ಕಸುಬನ್ನೂ ಹೇಳಿಬಿಡುತ್ತದೆ. ಕೊನೆಯಲ್ಲಿ ರುಜುವೋ ಹೆಬ್ಬೆಟ್ಟೋ ನೋಡಿ. ‘ಬಿಕ್ಕಲಂ’ ಎಂದಿರುವಲ್ಲಿ ನಿಮ್ಮವರ ಹೆಸರಿದ್ದರೆ ಪತ್ರ ಬರೆದವರೇ ಅವರು.

ಆಮೇಲೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು. ಇಲ್ಲಿ ಸರ್ವೆ ನಂಬರಿಲ್ಲದೆ ಕೆಲಸ ಸಾಗುವುದಿಲ್ಲ. ಇಂದಿನ ಪಹಣಿಯಲ್ಲಿ 45/2 ಎಂದಿದ್ದರೆ ಬರೀ 45ರ ಹೆಸರಲ್ಲೂ ಅರ್ಜಿ ಹಾಕಿ, ಏಕೆಂದರೆ ಹಿಸ್ಸಾ (ಪಾಲು) ಆಗುವ ಮುಂಚಿನ ದಾಖಲೆ ಅಲ್ಲಿರುತ್ತದೆ. ಕೇಳಬೇಕಾದದ್ದು ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್ ಮತ್ತು ಮ್ಯುಟೇಷನ್ (ಖಾತೆ ಬದಲಾವಣೆ) ನಕಲು. ಕಂಪ್ಯೂಟರ್ ಪಹಣಿ ಸಾಲದು, ಅದು ಈಚಿನದು. ಪೌತಿ ಖಾತೆಯ, ಅಂದರೆ ಸತ್ತವರ ಖಾತೆ ವಾರಸುದಾರರ ಹೆಸರಿಗೆ ಬದಲಾದ ತಾರೀಖನ್ನು ಸಾವಿನ ತಾರೀಖು ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಸತ್ತು ಹತ್ತಾರು ವರ್ಷದ ಮೇಲೆ ಖಾತೆ ಬದಲಾದ ಮನೆಗಳಿಗೆ ಲೆಕ್ಕವಿಲ್ಲ.

ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂತು. ಹುದ್ದೆಗೆ ಅಂಟಿಕೊಂಡಿದ್ದ ಜಮೀನು ಸರ್ಕಾರಕ್ಕೆ ಸೇರಿ, ಹಳೆಯ ಹಕ್ಕುದಾರರಿಗೆ ರೀಗ್ರಾಂಟ್ (ಮರುಮಂಜೂರು) ಆಯಿತು. ಆ ಕಡತ ಸಿಕ್ಕರೆ ಅದೃಷ್ಟ. ಹುದ್ದೆ ಯಾವುದು, ಹಕ್ಕುದಾರರು ಯಾರು, ಅವರಿಗೂ ಹಿಂದಿನವರಿಗೂ ಏನು ಸಂಬಂಧ ಎಂಬುದೆಲ್ಲ ಅದರಲ್ಲಿ ಬರುವುದುಂಟು. ಆದರೆ ಹುದ್ದೆ ಹೆಸರಲ್ಲಿದ್ದ ಮಾತ್ರಕ್ಕೆ ಕೆಲಸ ಮಾಡಿದವರು ಅವರೇ ಎಂದಲ್ಲ. ದಾಯಾದಿಗಳು ಸರದಿಯ ಮೇಲೆ ಮಾಡುತ್ತಿದ್ದರು, ಹಕ್ಕುದಾರ ಮೈನರ್ ಆಗಿದ್ದರೆ ಬದಲಿಯವರು ನೋಡಿಕೊಳ್ಳುತ್ತಿದ್ದರು.

ಉದಾಹರಣೆಗೆ ‘ನೀರುಗಂಟಿ ಇನಾಂ’ ಎಂದು ಕಂಡಿತು ಅನ್ನಿ. ಸರ್ವೆ ಇಲಾಖೆಯಿಂದ ಗ್ರಾಮ ನಕ್ಷೆ ತೆಗೆದುಕೊಂಡು ಕೆರೆ, ಏರಿ, ಅಚ್ಚುಕಟ್ಟು ಗುರುತು ಮಾಡಿ. ತೂಬು ಎತ್ತುವುದು, ಕಾಲುವೆಯಲ್ಲಿ ಸರದಿಯಂತೆ ಗದ್ದೆಗೆ ನೀರು ಬಿಡುವುದು, ಮಳೆಗಾಲದ ರಾತ್ರಿ ಏರಿ ಕಾಯುವುದು ಅವರ ಕೆಲಸ. ನಕ್ಷೆ ಹಿಡಿದು ಹಿರಿಯರ ಜೊತೆ ಆ ಜಾಗಕ್ಕೆ ಹೋಗಿ, ‘ಕೊನೇ ಗದ್ದೆಗೆ ನೀರು ಯಾವಾಗ ಸಿಗ್ತಿತ್ತು, ಜಗಳ ಆದ್ರೆ ಯಾರು ಬಿಡಿಸ್ತಿದ್ರು’ ಎಂದು ಕೇಳಿ. ‘ಆಗ ಜೀವನ ಹೇಗಿತ್ತಜ್ಜಿ’ ಎಂದರೆ ‘ಕಷ್ಟ ಇತ್ತಪ್ಪ’ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ.

ಊರು ಜೋಡಿ ಗ್ರಾಮವೋ (ಕಡಿಮೆ ಕಂದಾಯದ ಇನಾಂ ಊರು) ಸರ್ವಮಾನ್ಯವೋ (ಪೂರ್ತಿ ಕಂದಾಯ ಬಿಟ್ಟ ಊರು) ಆಗಿದ್ದರೆ ಹಳೆಯ ಲೆಕ್ಕ ಸರ್ಕಾರದ ಬದಲು ಜೋಡಿದಾರರ (ಆ ಊರಿನ ಇನಾಂದಾರರ) ಮನೆಯಲ್ಲಿ ಉಳಿದಿರಬಹುದು. ಅಂಥ ಇನಾಂಗಳನ್ನು ರದ್ದು ಮಾಡಿದ್ದು 1954 ಮತ್ತು 1955ರ ಕಾಯ್ದೆಗಳು.

ಪತ್ರದಲ್ಲಿ ಸಂವತ್ಸರ ಮಾತ್ರ ಇದ್ದರೆ ಅರವತ್ತು ಸಂವತ್ಸರಗಳಲ್ಲಿ ಮೊದಲನೆಯದಾದ ಪ್ರಭವದಿಂದ ಎಣಿಸಿ. ಅದು 1867, 1927, 1987ರ ಯುಗಾದಿಗೆ ಬಂದದ್ದು. ಹತ್ತನೆಯದು ಧಾತು, ಹನ್ನೊಂದನೆಯದು ಈಶ್ವರ. ಹಿರಿಯರು ಹೇಳುವ ‘ಧಾತು ಈಶ್ವರದ ಬರ’ ಬಿದ್ದದ್ದು 1876–78ರಲ್ಲಿ. ಶಕ ವರ್ಷಕ್ಕೆ 78 ಕೂಡಿಸಿ, ಪುಷ್ಯ ಮಾಘದಲ್ಲಿ ಬರೆದ ಪತ್ರವಾದರೆ 79 ಆಗುವುದೂ ಉಂಟು. ಅರವತ್ತು ವರ್ಷ ಹಿಂದೆಯೋ ಮುಂದೆಯೋ ಎಂಬ ಗೊಂದಲವನ್ನು ಛಾಪಾಕಾಗದದ (ಸ್ಟಾಂಪ್ ಪೇಪರಿನ) ಮುದ್ರೆ ಬಹುಪಾಲು ಬಿಡಿಸುತ್ತದೆ.

ಹಳೆಯ ಜನಗಣತಿ ವರದಿಗಳಲ್ಲಿ ಮುತ್ತಜ್ಜನ ಹೆಸರು ಹುಡುಕಬೇಡಿ, ಅಲ್ಲಿರುವುದು ಕಸುಬುವಾರು ತಲೆಯೆಣಿಕೆ ಮಾತ್ರ. ಪ್ರಾಥಮಿಕ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ತಂದೆಯ ಉದ್ಯೋಗದ ಕಾಲಂ ಇದ್ದರೆ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬಯಲುಸೀಮೆಯ ಕಡೆಯವರಾದರೆ ನಿಮ್ಮ ಮನೆತನಕ್ಕೆ ಬರುವ, ವಂಶಾವಳಿ ಹೇಳುವ ಹೆಳವರನ್ನು ವಿಚಾರಿಸಿ. ಅವರು ಬಂದಾಗ ಪೀಳಿಗೆಯ ಜೊತೆಗೆ ವಲಸೆ ಬಂದ ಊರನ್ನೂ ಕೇಳಿ ಬರೆದುಕೊಳ್ಳಿ, ಮುಂದಿನ ಅರ್ಜಿಯನ್ನು ಆ ತಾಲ್ಲೂಕಿನಲ್ಲೂ ಹಾಕಬಹುದು.