ಮೀಟರ್ ಮುಳ್ಳು ಕುಣಿದರೆ ಮೊದಲು ಅರ್ಥ್ ನೋಡಿ

ಗಾಡಿಯ ಪೆಟ್ರೋಲ್ ಮುಳ್ಳು ತಪ್ಪು ತೋರಿಸಿದೊಡನೆ ಮೀಟರ್ ಬೋರ್ಡನ್ನೇ ಬಿಚ್ಚುವುದು, ಅದರಿಂದ ಸರಿಯಾಗದಿದ್ದರೆ ಪೆಟ್ರೋಲ್ ಮಟ್ಟದೊಂದಿಗೆ ಏರಿಳಿಯುವ ಟ್ಯಾಂಕಿನ ಫ್ಲೋಟ್ ಬದಲಿಸುವುದು ನಮ್ಮಲ್ಲಿ ರೂಢಿ. ಆದರೆ ಕಾರವಾರದಿಂದ ಭಟ್ಕಳದವರೆಗಿನ ಉಪ್ಪುಗಾಳಿ ಮೊದಲು ತಿನ್ನುವುದು ಅರ್ಥ್ ವೈರಿನ, ಅಂದರೆ ಕರೆಂಟ್ ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವಿಗೆ ಮರಳುವ ವೈರಿನ, ತುದಿಯನ್ನು.

ಫ್ಯೂಸ್ ನೋಡಿಕೊಳ್ಳಿ. ಪೆಟ್ರೋಲ್ ಮತ್ತು ಉಷ್ಣತೆಯ ಮುಳ್ಳುಗಳೆರಡೂ ಒಟ್ಟಿಗೆ ಹಾದಿ ತಪ್ಪಿದ್ದರೆ ದೋಷವು ಅವೆರಡಕ್ಕೂ ಸಮಾನವಾದ ಸಪ್ಲೈ ಅಥವಾ ಅರ್ಥ್‌ನಲ್ಲಿ, ಹಳೆಯ ಗಾಡಿಗಳಲ್ಲಾದರೆ ಮುಳ್ಳುಗಳಿಗೆ ಒಂದೇ ಸಮನೆ ವೋಲ್ಟ್ ಕೊಡುವ, ಬೋರ್ಡಿನ ಹಿಂದಿನ ವೋಲ್ಟೇಜ್ ಸ್ಟೆಬಿಲೈಸರಿನಲ್ಲಿ ಇರುವ ಸಾಧ್ಯತೆಯೇ ಹೆಚ್ಚು. ಹೆಡ್‌ಲೈಟ್ ಹಾಕಿದಾಗ ಮುಳ್ಳು ಅಲುಗಿದರೆ ಅರ್ಥ್ ಮೇಲಿನ ಅನುಮಾನ ಬಲವಾಗುತ್ತದೆ.

ಜನರು ಎಡವುವುದು ಅರ್ಥ್ ಪರೀಕ್ಷಿಸುವಲ್ಲಿ. ವೈರ್ ತುಂಡಾಗಿಲ್ಲವೆಂದು ತಿಳಿಸುವ ಮಲ್ಟಿಮೀಟರಿನ ಬೀಪ್ ಸದ್ದನ್ನು ನಂಬಬೇಡಿ. ಅದು ಹರಿಸುವ ಕರೆಂಟ್ ಅತ್ಯಲ್ಪವಾದ್ದರಿಂದ, ವೈರಿನ ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಇಗ್ನಿಷನ್, ಹೆಡ್‌ಲೈಟ್, ವೈಪರ್ ಎಲ್ಲವನ್ನೂ ಆನ್ ಮಾಡಿ, ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ, ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ (ಕ್ಲಾಂಪಿಗಲ್ಲ) ಹಿಡಿದು, ಕೆಂಪು ಕಡ್ಡಿಯನ್ನು ಬೋರ್ಡಿನ ಕಪ್ಲರಿನ (ವೈರುಗಳು ಸೇರುವ ಪ್ಲಗ್) ಅರ್ಥ್ ಪಿನ್ನಿಗೆ ಹಿಂದಿನಿಂದ ತಾಗಿಸಿ. 0.1 ವೋಲ್ಟಿನ ಆಸುಪಾಸಿದ್ದರೆ ಚಿಂತೆಯಿಲ್ಲ, ಅರ್ಧ ವೋಲ್ಟ್ ಬಂದರೆ ಅರ್ಥ್ ಕೆಟ್ಟಿದೆ. ಆಗ ಕೆಂಪು ಕಡ್ಡಿಯನ್ನು ಪಿನ್ನಿನಿಂದ ವೈರಿನ ತುದಿಯ ರಿಂಗಿಗೆ, ಅಲ್ಲಿಂದ ಬೋಲ್ಟಿಗೆ, ಬಳಿಕ ಬಣ್ಣ ಕೆರೆದ ಬಾಡಿಯ ಲೋಹಕ್ಕೆ ಸರಿಸುತ್ತ ಬನ್ನಿ. ಅಂಕಿ ಯಾವ ಎರಡು ಜಾಗಗಳ ನಡುವೆ ಥಟ್ಟನೆ ಇಳಿಯುತ್ತದೆಯೋ ದೋಷ ಅಲ್ಲಿದೆ. ಸಾಮಾನ್ಯವಾಗಿ ರಿಂಗಿನ ಅಡಿಯಲ್ಲಿ ಹಸಿರು ಕಿಲುಬು ಕಾಣುತ್ತದೆ. ಫ್ಲೋಟ್ ಇರುವ ಟ್ಯಾಂಕ್ ಯೂನಿಟ್ಟಿನ ಅರ್ಥ್ ಅನ್ನೂ ಹೀಗೆಯೇ ಅಳೆಯಿರಿ.

ಬ್ಯಾಟರಿಯ ನೆಗೆಟಿವ್ ಕಳಚಿ, ರಿಂಗನ್ನೂ ಬಾಡಿಯನ್ನೂ ಹೊಳೆಯುವವರೆಗೆ ಮರಳುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿಯಿರಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಸುಮ್ಮನಾಗುವುದು ಮುಂದಿನ ಮಳೆಗಾಲದವರೆಗಿನ ಸಮಾಧಾನವಷ್ಟೇ. ವೈರಿನ ಒಳಗಿನ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವಷ್ಟು ಕತ್ತರಿಸಿ ಹೊಸ ರಿಂಗ್ ಹಾಕಿ. ತಿರುಚಿ ಟೇಪು ಸುತ್ತಿದ ಜೋಡಣೆ ನಮ್ಮ ಹವೆಗೆ ಬಾಳುವುದಿಲ್ಲ.

ಇಷ್ಟಾದರೂ ಮುಳ್ಳು ಸರಿಯಾಗದಿದ್ದರೆ ಮಾತ್ರ ಫ್ಲೋಟಿನ ಸರದಿ. ಟ್ಯಾಂಕಿನ ವೈರನ್ನು ಬಾಡಿಯ ಲೋಹಕ್ಕೆ ತಾಗಿಸಿ ಮುಳ್ಳು ನೋಡುವ ಹಳೆಯ ಉಪಾಯವನ್ನು ನಾನು ಒಪ್ಪುವುದಿಲ್ಲ: ಪೆಟ್ರೋಲ್ ಆವಿಯ ಬಳಿ ಕಿಡಿ ಅಪಾಯಕಾರಿ, ಡಿಜಿಟಲ್ ಬೋರ್ಡಿಗೂ ಹಾನಿಯಾಗಬಹುದು. ಯೂನಿಟ್ ಹೊರತೆಗೆದು, ಟ್ಯಾಂಕಿನಿಂದ ದೂರ ಒಯ್ದು, ಮಲ್ಟಿಮೀಟರನ್ನು ಓಮ್ (ರೋಧ) ಅಳತೆಯಲ್ಲಿಟ್ಟು ಯೂನಿಟ್ಟಿಗೆ ಹಿಡಿದು, ಫ್ಲೋಟಿನ ಕಡ್ಡಿಯನ್ನು ನಿಧಾನವಾಗಿ ಎತ್ತಿ. ಅಂಕಿ ಒಂದೇ ಸಮನೆ ಬದಲಾಗದೆ ನಡುನಡುವೆ ಹಾರಿದರೆ ಒಳಗಿನ ಪಟ್ಟಿ ಸವೆದಿದೆ. ಬದಲಿ ಕೊಳ್ಳುವಾಗ ಅದೇ ಮಾದರಿಯದ್ದನ್ನೇ ಕೇಳಿ. ಓಮ್ ಹೊಂದದ ಅಗ್ಗದ ಯೂನಿಟ್ ಹಾಕಿದರೆ ಟ್ಯಾಂಕ್ ತುಂಬಿದ್ದರೂ ಮುಳ್ಳು ಪೂರ್ತಿ ಏರದೆ ನಿಲ್ಲಬಹುದು.