ಅಡಿಕೆ ಡ್ರೈಯರಿನಲ್ಲಿ ಹಲಸಿನ ಹಲಗೆ ಒಣಗಿಸಿದ್ದು: ನನ್ನ ಅನುಭವ

ಹಸಿ ಹಲಸಿನ ಹಲಗೆಯನ್ನು ಒಂದೇ ಬೇಸಿಗೆಯಲ್ಲಿ ಮನೆಯಲ್ಲೇ ಒಣಗಿಸಬಹುದು. ನಾನು ಒಣಗಿಸಿದ್ದೇನೆ. ಆ ಹಲಗೆಯಲ್ಲಿ ಮಾಡಿದ ಊಟದ ಮೇಜು ಎರಡು ಮಳೆಗಾಲ ದಾಟಿದೆ. ಎಲ್ಲೂ ಜೋಡಣೆ ಬಿಟ್ಟಿಲ್ಲ, ಮೂಲೆ ಎದ್ದಿಲ್ಲ. ಶುರು ಮಾಡುವಾಗ ನಮ್ಮ ಸಾಗರದ ಕಡೆ ಯಾರೂ ಇದನ್ನು ಒಪ್ಪಿರಲಿಲ್ಲ. ಮನೆ ಕೆಲಸಕ್ಕೆ ಬರುವ ಆಚಾರ್ರು ಮುಖಕ್ಕೇ ಹೇಳಿದ್ದರು: "ಇದು ಅಡಿಕೆ ಅಲ್ಲ ಮಾರಾಯ್ರೆ, ಹಲಸು. ಮೂರು ವರ್ಷ ಅಟ್ಟದ ಮೇಲೆ ಮಲಗಲಿ."

ಹಿಂದಿನ ಅಟ್ಟಕ್ಕೆ ಆ ಲೆಕ್ಕ ಸರಿ. ಕೆಳಗೆ ಒಲೆ ಉರಿಯುತ್ತಿತ್ತು. ಮಳೆಗಾಲದಲ್ಲೂ ಬಿಸಿ, ಹೊಗೆ ಎರಡೂ ಮೇಲೆ ಹೋಗುತ್ತಿದ್ದವು. ಈಗ ಕೆಳಗಿರುವುದು ಗ್ಯಾಸ್ ಸ್ಟೋವ್. ಮೂರು ವರ್ಷ ಅಟ್ಟದಲ್ಲಿದ್ದ ಹಲಗೆಗೆ ಜುಲೈಯಲ್ಲಿ ತೇವ ಅಳೆಯುವ ಮೀಟರ್ ಚುಚ್ಚಿ ನೋಡಿದ್ದೇನೆ. ತೇವ ಶೇಕಡಾ 18ರ ಆಸುಪಾಸು ತೋರಿಸಿತು. ನಮ್ಮ ಗಾಳಿಯೇ ಅಷ್ಟು ತೇವ ಇರುವಾಗ ಹಲಗೆ ಅದಕ್ಕಿಂತ ಕೆಳಗೆ ಇಳಿಯುವುದು ಹೇಗೆ? ಅಂಥ ಮರದಲ್ಲಿ ಮೇಜು ಮಾಡಿ ಬೆಂಗಳೂರಿಗೆ ಕಳಿಸಿದರೆ ಮಾರ್ಚಿಗೆಲ್ಲ ಜೋಡಣೆ ಬಾಯಿ ಬಿಡುತ್ತದೆ.

ನಮ್ಮಲ್ಲಿ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆ, ಅಂದರೆ ಬಿಸಿಲಿನ ಡ್ರೈಯರ್, ಇದೆ. ಫೆಬ್ರವರಿ ಕೊನೆಗೆ ಅಡಿಕೆ ಕೆಲಸ ಮುಗಿಯುತ್ತದೆ. ಆಮೇಲೆ ಮಳೆ ಬರುವವರೆಗೆ, ಅಂದರೆ ವರ್ಷದ ಒಳ್ಳೆಯ ಬಿಸಿಲಿನಲ್ಲಿ, ಅದು ಸುಮ್ನೆ ಖಾಲಿ ನಿಂತಿರುತ್ತದೆ. ಗಾಳಿಗೆ ಬಿದ್ದ ಹಲಸಿನ ಮರವೊಂದಿತ್ತು. ಕಾಗದಪತ್ರ ಮುಗಿಸಿ ಒಂದೂಕಾಲು ಇಂಚಿಗೆ ಕೊಯ್ಸಿದೆ. ಸುಮಾರು 40 ಸಿಎಫ್‌ಟಿ (ಘನ ಅಡಿ) ಬಂತು. ಸಾಮಿಲ್ಲಿಗೂ ಗಾಡಿಗೂ ಸೇರಿ ಎಂಟು ಸಾವಿರದಷ್ಟು ಹೋಯಿತು.

ಮೊದಲ ಲೋಡು ಅರ್ಧ ಕೆಟ್ಟಿತು. ಏಪ್ರಿಲ್ ಮಧ್ಯಾಹ್ನ ಒಳಗೆ 55 ಡಿಗ್ರಿ ಮುಟ್ಟುತ್ತದೆ. ನೇರ ಬಿಸಿಲು, ಜೊತೆಗೆ ಫ್ಯಾನಿನ ಗಾಳಿ. ಮೇಲ್ಮೈ ಬೇಗ ಒಣಗಿ ಕುಗ್ಗಲು ನೋಡಿತು, ಒಳಗಿನ ಹಸಿ ಬಿಡಲಿಲ್ಲ. ವಾರದೊಳಗೆ ಮುಖದ ತುಂಬ ಕೂದಲೆಳೆ ಸೀಳು. ಗಾಳಿ ಆಡಲು ಹಲಗೆಗಳ ನಡುವೆ ಮರದ ಪಟ್ಟಿ, ಅಂದರೆ ರೀಪು, ಇಡಬೇಕು. ಅದರ ದುಡ್ಡು ಉಳಿಯಲಿ ಅಂತ ಅಡಿಕೆ ಮರ ಸೀಳಿದ ದಬ್ಬೆ ಇಟ್ಟಿದ್ದೆ. ದಬ್ಬೆ ಒಂದೊಂದೂ ಒಂದೊಂದು ದಪ್ಪ ಇರುತ್ತದಲ್ಲ, ಹಲಗೆಯೂ ಅದೇ ಅಲೆಯಲ್ಲಿ ಬಾಗಿ ಒಣಗಿತು. ಆರೇಳು ಸಾವಿರದ ಮರ ಬಚ್ಚಲೊಲೆಗೆ ಹೋಯಿತು. ಊರಿನವರು ಬಂದು ನೋಡಿಕೊಂಡೂ ಹೋದರು.

ಮುಂದಿನ ಬೇಸಿಗೆಗೆ ಕ್ರಮ ಬದಲಿಸಿದೆ. ಕೊಯ್ಸಿದ ದಿನವೇ ಹಲಗೆಯ ಎರಡೂ ತುದಿಗೆ ಮೇಣದ ಮಿಶ್ರಣ ಬಳಿದೆ. ಅದರಲ್ಲಿ ಮೇಣದ ಜೊತೆ ಏನಿದೆ, ಎಷ್ಟಿದೆ ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ. ಮುಕ್ಕಾಲಿಂಚಿನ ರೀಪುಗಳನ್ನು ಒಂದೇ ಅಳತೆಗೆ ಕೀಸಿ ಒಂದೂವರೆ ಅಡಿಗೊಂದರಂತೆ ಇಟ್ಟೆ, ಒಂದರ ಮೇಲೊಂದು ನೇರ ಸಾಲಿನಲ್ಲಿ. ಹಲಗೆಯ ಅಟ್ಟಿಯ ಮೇಲೆ ಜಂಬಿಟ್ಟಿಗೆ ಕಲ್ಲಿನ ಭಾರ ಹೇರಿದೆ. ಅದಕ್ಕೂ ಮೇಲೆ ಕಪ್ಪು ಬಣ್ಣ ಬಳಿದ ತಗಡಿನ ಮರೆ. ಬಿಸಿಲು ತಗಡಿಗೆ ಬೀಳಬೇಕು, ಹಲಗೆಗೆ ಬಿಸಿ ಗಾಳಿ ಮಾತ್ರ ಸಿಗಬೇಕು. ಹಳೆಯ ಎರಡು ಫ್ಯಾನುಗಳನ್ನು ಹಗಲು ಮಾತ್ರ ಓಡಿಸಿದೆ.

ಮೊದಲ ಹತ್ತು ಹದಿನೈದು ದಿನ ಪ್ಲಾಸ್ಟಿಕ್ ಮನೆಯ ಗಾಳಿ ಕಿಂಡಿಗಳನ್ನು ಹೆಚ್ಚುಕಮ್ಮಿ ಮುಚ್ಚಿಯೇ ಇಟ್ಟೆ. ಪೂರ್ತಿ ಮುಚ್ಚಿದರೆ ಬೂಷ್ಟು ಬರುತ್ತದೆ, ಒಂದು ಮೂಲೆಗೆ ಬಂದೂ ಇತ್ತು. ಬೆರಳಗಲ ಬಿಟ್ಟೆ, ನಿಂತಿತು. ರಾತ್ರಿ ಒಳಗೆ ತಂಪಾಗಿ ತೇವ ಏರುತ್ತದೆ. ಹಗಲು ಬಿಗಿದ ಮೇಲ್ಮೈ ಆಗ ಸಡಿಲವಾಗುತ್ತದೆ. ಬಿಸಿಲಿನ ಡ್ರೈಯರಿನ ದೊಡ್ಡ ಲಾಭವೇ ಇದು. ರಾತ್ರಿಯೂ ಹೀಟರ್ ಹಾಕಿ ಅಂತ ಕೆಲವರು ಹೇಳಿದರು. ಬೇಡವೇ ಬೇಡ.

ಅಳತೆಗೆ ಸಾವಿರದ ಚಿಲ್ಲರೆಯ ಚುಚ್ಚುವ ಮೀಟರ್ ಸಾಕು. ಆದರೆ 30ರ ಮೇಲೆ ಅದರ ಮಾತು ನಂಬಬೇಡಿ. ಹಲಗೆಯ ನಡುವಿನಿಂದ ಒಂದು ಚೂರು ಕತ್ತರಿಸಿ, ತೂಗಿ, ಓವನ್ನಿನಲ್ಲಿ 103 ಡಿಗ್ರಿಯ ಹತ್ತಿರ ಇಡಿ. ತೂಕ ಇಳಿಯುವುದು ನಿಂತ ಮೇಲೆ ಲೆಕ್ಕ ಹಾಕಿ. 100 ಗ್ರಾಂ ಚೂರು 80ಕ್ಕೆ ಬಂದರೆ ತೇವ 25, ಇಪ್ಪತ್ತಲ್ಲ. ಭಾಗಿಸಬೇಕಾದ್ದು ಒಣ ತೂಕದಿಂದ. ನನ್ನ ಹಲಗೆಗಳು ಮೇ ಮಧ್ಯದ ಹೊತ್ತಿಗೆ 11ಕ್ಕೆ ಬಂದವು. ಕೀಸುಳಿ ಹಾಕಿದಾಗ ಸದ್ದೇ ಬೇರೆ! ಹಾಳಾದದ್ದು ಹತ್ತರಲ್ಲಿ ಒಂದೂ ಇಲ್ಲ. ಆಚಾರ್ರು ಎರಡು ಹಲಗೆ ಆಚೀಚೆ ಮಗುಚಿ ನೋಡಿ, ಮೇಜಿನ ಕೆಲಸಕ್ಕೆ ತಾವೇ ಕೂತರು.

ತಗಡು, ಬಣ್ಣ, ಮೇಣ, ಮೀಟರ್, ಕರೆಂಟು ಎಲ್ಲ ಸೇರಿ ಹೊಸ ಖರ್ಚು ಹತ್ತು ಸಾವಿರದ ಒಳಗೆ. ಪ್ಲಾಸ್ಟಿಕ್ ಮನೆ ಮೊದಲೇ ಇದ್ದದ್ದು. ಹೊಸದಾಗಿ ಕಟ್ಟಿಸುವವರಿಗೆ ಈ ಲೆಕ್ಕ ಕೂಡಿಬರುವುದಿಲ್ಲ.

ಇದರ ನಡುವೆ ಬೇರೆ ಪ್ರಯೋಗಗಳೂ ನಡೆದವು. ಹಲಸಿನ ಕೆಚ್ಚಿಗೆ ಹುಳದ ಭಯ ಕಡಿಮೆ. ಹೊರಗಿನ ಬಿಳಿ ಭಾಗಕ್ಕೆ ಕುಟ್ಟೆ ಹಿಡಿಯುತ್ತದೆ. ಬಿಳಿ ಚೂರುಗಳನ್ನು ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ನೀರಿನಲ್ಲಿ ನೆನೆಸಿಟ್ಟೆ, ಇವತ್ತಿಗೂ ಪುಡಿ ಉದುರಿಲ್ಲ. ಮೇಜಿಗೆ ಮಾತ್ರ ಬಿಳಿ ಸೇರಿಸಲಿಲ್ಲ. ಕೊರಡಿನ ದುಂಡನೆಯ ಬಿಲ್ಲೆಗಳನ್ನೂ ಒಳಗಿಟ್ಟಿದ್ದೆ, ಟೀಪಾಯಿಗೆ ಅಂತ. ಎಲ್ಲವೂ ನಡುವಿನಿಂದ ಸೀಳಿದವು. ಮರ ಸುತ್ತಳತೆಯ ಕಡೆ ಜಾಸ್ತಿ ಕುಗ್ಗುತ್ತದೆ, ಬಿಲ್ಲೆಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಹಳದಿ ಬಣ್ಣ ಕೆಲವರಿಗೆ ಹಿಡಿಸುವುದಿಲ್ಲ. ಕೀಸಿದ ಹಲಗೆಯನ್ನು ಕೆಲವು ದಿನ ಬಿಸಿಲಿಗೆ ತೋರಿಸಿದೆ, ತಾನೇ ಜೇನುಕಂದಿಗೆ ತಿರುಗಿತು. ಬಣ್ಣದ ಡಬ್ಬಿ ತರುವ ಕೆಲಸ ತಪ್ಪಿತು.

ಮೇಜಿನ ಮೂರಿಂಚಿನ ಕಾಲುಗಳಿಗೆ ಒಂದು ಬೇಸಿಗೆ ಸಾಲುವುದಿಲ್ಲ. ಹೊರಗೆ 12 ತೋರಿಸಿದ ಕಾಲನ್ನು ಕೊಯ್ದು ನೋಡಿದರೆ ಒಳಗೆ 20ರ ಮೇಲಿತ್ತು. ಅದಕ್ಕೇ ಕಾಲುಗಳನ್ನು ಒಂದೂಕಾಲಿಂಚಿನ ಒಣ ಹಲಗೆ ಅಂಟಿಸಿಯೇ ಮಾಡಿದ್ದು. ಲೋಡು ಮಾತ್ರ ಮಾರ್ಚಿನ ಮೊದಲ ವಾರಕ್ಕೇ ಒಳಗೆ ಹೋಗಬೇಕು, ಮೊದಲ ಮಳೆಗೆ ಮುಂಚೆ ಹೊರಗೆ ಬರಬೇಕು. ತೆಗೆದ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ, ಇಲ್ಲದಿದ್ದರೆ ಜೂನಿನ ಗಾಳಿಗೆ ಹಲಗೆಗಳು ಮತ್ತೆ ನೀರು ಕುಡಿಯುತ್ತವೆ.